ನಾಲ್ಕು ಜನ ನುಡಿಸುತ್ತಾರೆ, ಐದನೆಯವರು ಕೇಳುತ್ತಾರೆ

ಪ್ರಶ್ನೆ: 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿದಾಗ ನಾನೂ ಅಲ್ಲಿದ್ದೆ. ಅವತ್ತು ಹಳೆಯದು, ಹೊಸದು ಎಲ್ಲ ಹಾಡೂ ಒಂದೇ ಬ್ಯಾಂಡಿನದು ಅನ್ನಿಸಿತು. ಆದರೆ ಅವರ ಆಲ್ಬಂಗಳನ್ನು ಸಾಲಾಗಿ ಕೇಳಿದರೆ ಬೇರೆ ಬೇರೆ ಬ್ಯಾಂಡ್ ಕೇಳಿದ ಹಾಗಾಗುತ್ತದೆ. ಪ್ರೊಡ್ಯೂಸರ್ ಬದಲಾದದ್ದೇ ಕಾರಣ ಅಂತ ಸ್ನೇಹಿತರು ಹೇಳುತ್ತಾರೆ. ಗಿಟಾರ್ ಮುಟ್ಟದ, ಹಾಡು ಬರೆಯದ ಒಬ್ಬರಿಂದ ಸೌಂಡ್ ಇಷ್ಟು ಬದಲಾಗುತ್ತದಾ? ಧಾರವಾಡದಲ್ಲಿ ನಮ್ಮದೂ ಒಂದು ಬ್ಯಾಂಡ್ ಇದೆ. ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುತ್ತೇವೆ. ನಮಗೂ ಪ್ರೊಡ್ಯೂಸರ್ ಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅರಮನೆ ಮೈದಾನದಲ್ಲಿ ಎಲ್ಲ ಹಾಡೂ ಒಂದೇ ಬ್ಯಾಂಡಿನದು ಅನ್ನಿಸಿತು ಅಂದಿರಿ. ಅಲ್ಲಿ 1984ರ ಹಾಡಿಗೂ 2008ರ ಹಾಡಿಗೂ ಅದೇ ಡ್ರಮ್ ಸೆಟ್, ಅದೇ ಸ್ಪೀಕರ್, ಅದೇ ಮಿಕ್ಸರ್. ಆ ಮಿಕ್ಸರ್ ಮುಂದೆ ನಿಂತ ಒಬ್ಬರ ಕಿವಿ ದಾಟಿಯೇ ಎಲ್ಲವೂ ನಿಮ್ಮನ್ನು ತಲುಪಿತು. ಈ ಬ್ಯಾಂಡಿನ ಲೈವ್ ಸೌಂಡನ್ನು 1984ರಿಂದ ದಶಕಗಳ ಕಾಲ ನೋಡಿಕೊಂಡವರು ಬಿಗ್ ಮಿಕ್ ಹ್ಯೂಸ್ ಎಂಬ ಒಬ್ಬರೇ ಎಂಜಿನಿಯರ್. ಆಲ್ಬಂಗಳ ಕಥೆ ಬೇರೆ. ಅಲ್ಲಿ ಕೇಳುವವರು ಬದಲಾಗುತ್ತಾ ಹೋದರು. ಕೇಳುವವರು ಬದಲಾದಾಗ ನುಡಿಸುವವರೂ ಬದಲಾಗುತ್ತಾರೆ. ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ.

ಇದನ್ನು ನೀವು ಮನೆಯಲ್ಲೇ ನೋಡಿರುತ್ತೀರಿ. ಒಬ್ಬರೇ ಗುನುಗುವಾಗ ಹಾಡು ಒಂದು ರೀತಿ ಇರುತ್ತದೆ. ಸಂಗೀತ ಬಲ್ಲ ಅಜ್ಜಿ ಬಂದು ಪಕ್ಕದಲ್ಲಿ ಕೂತರೆ ಅದೇ ಹಾಡು ಬೇರೆ ಥರ ಬರುತ್ತದೆ. ಅಜ್ಜಿ ಇನ್ನೂ ಬಾಯಿ ಬಿಟ್ಟಿರುವುದೇ ಇಲ್ಲ.

ಮೊದಲು ಪ್ರೊಡ್ಯೂಸರ್ ಅನ್ನುವ ಪದದ ಗೊಂದಲ ಬಿಡಿಸೋಣ. ಸಿನಿಮಾದಿಂದಾಗಿ ನಮಗೆ ಪ್ರೊಡ್ಯೂಸರ್ ಅಂದರೆ ನಿರ್ಮಾಪಕ, ದುಡ್ಡು ಹಾಕುವವರು. ರಾಕ್ ರೆಕಾರ್ಡಿಂಗಿನಲ್ಲಿ ದುಡ್ಡು ಸಾಮಾನ್ಯವಾಗಿ ಕಂಪನಿಯದು. ಪ್ರೊಡ್ಯೂಸರ್ ಕೆಲಸ ಸಿನಿಮಾ ನಿರ್ದೇಶಕರ ಕೆಲಸಕ್ಕೆ ಹತ್ತಿರ. ಯಾವ ಟೇಕ್ ಓಕೆ, ಯಾವುದು ಇನ್ನೊಂದು ಸಲ, ಈ ಸಾಲು ಬೇಕಾ, ಈ ಹಾಡು ಇಷ್ಟು ಉದ್ದ ಯಾಕೆ ಅಂತ ಕೇಳುವವರು ಅವರು. ಎಂಜಿನಿಯರ್ ಮೈಕ್ ಇಟ್ಟು ಸದ್ದು ಹಿಡಿಯುತ್ತಾರೆ. ಮಿಕ್ಸ್ ಮಾಡುವವರು ಹಿಡಿದ ಸದ್ದುಗಳನ್ನು ಅಳತೆ ನೋಡಿ ಬೆರೆಸುತ್ತಾರೆ. ಎಷ್ಟೋ ಸಲ ಈ ಮೂರೂ ಕೆಲಸ ಒಬ್ಬರದೇ ಆಗಿರುತ್ತದೆ.

ಮೆಟಾಲಿಕಾದ ಮೊದಲ ಆಲ್ಬಂ 'ಕಿಲ್ ಎಮ್ ಆಲ್' 1983ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ, ತುಂಬಾ ಕಡಿಮೆ ದುಡ್ಡಿನಲ್ಲಿ ತಯಾರಾಯಿತು. ಹುಡುಗರಿಗೆ ಆಗ ಇಪ್ಪತ್ತರ ಆಸುಪಾಸು. ಹಾಡುಗಳಲ್ಲಿ ಬೆಂಕಿ ಇತ್ತು, ಸೌಂಡ್ ತೆಳು. ಬ್ಯಾಂಡಿಗೂ ಅದು ಪೂರ್ತಿ ಹಿಡಿಸಿರಲಿಲ್ಲ. ಹಾಗಾಗಿ ಎರಡನೇ ಆಲ್ಬಮ್ಮಿಗೆ ಅವರು ಒಂದು ಕಿವಿಯನ್ನು ಹುಡುಕಿಕೊಂಡು ಹೊರಟರು.

ಡ್ರಮ್ಮರ್ ಲಾರ್ಸ್ ಉಲ್ರಿಕ್ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ರೇನ್‌ಬೋ ಎಂಬ ಬ್ಯಾಂಡಿನ 1981ರ ಆಲ್ಬಮ್ಮಿನ ಸೌಂಡ್ ಅವರಿಗೆ ಇಷ್ಟವಾಗಿತ್ತು. ಅದು ರೆಕಾರ್ಡ್ ಆದದ್ದು ಕೋಪನ್‌ಹೇಗನ್ನಿನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ. ಅಲ್ಲಿನ ಎಂಜಿನಿಯರ್ ಫ್ಲೆಮಿಂಗ್ ರಾಸ್‌ಮುಸೆನ್. 1984ರ ಆರಂಭದಲ್ಲಿ ಬ್ಯಾಂಡ್ ಅಲ್ಲಿಗೆ ಹೋಯಿತು. ಹೋಟೆಲಿಗೆ ದುಡ್ಡಿಲ್ಲದೆ ಸ್ಟುಡಿಯೋದಲ್ಲೇ ಮಲಗಿದರು. ಅದಕ್ಕೂ ಮೊದಲು ಅಮೆರಿಕದಲ್ಲಿ ಅವರ ಸಾಮಾನು ಕಳುವಾಗಿತ್ತು. ಗಾಯಕ ಮತ್ತು ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ತುಂಬಾ ಪ್ರೀತಿಸುತ್ತಿದ್ದ ಮಾರ್ಷಲ್ ಆಂಪ್ (ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಕೂಡ ಅದರಲ್ಲಿ ಹೋಗಿತ್ತು. ಊರಲ್ಲಿ ಸಿಕ್ಕ ಆಂಪ್‌ಗಳನ್ನೆಲ್ಲ ತಂದು, ಒಂದೊಂದನ್ನೇ ಕೇಳಿ, ಕಳೆದುಹೋದ ಆ ಸದ್ದನ್ನು ಮತ್ತೆ ಕಟ್ಟಬೇಕಾಯಿತು. ಅದಕ್ಕೆ ಜೊತೆಯಾದವರು ರಾಸ್‌ಮುಸೆನ್. ಬಿಡುವಿಲ್ಲದೆ ಬಡಿಯುವ ಲಾರ್ಸ್‌ಗೆ ತಾಳದ ಲೆಕ್ಕ ಅಷ್ಟಾಗಿ ಗೊತ್ತಿರಲಿಲ್ಲ. ಅದನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದೂ ಅಲ್ಲೇ.

ರಾಸ್‌ಮುಸೆನ್ ಕೆಲಸ ಬ್ಯಾಂಡಿಗೆ ಬೇರೆ ಬಣ್ಣ ಬಳಿಯುವುದಾಗಿರಲಿಲ್ಲ. ಇದ್ದದ್ದನ್ನು ಸ್ಪಷ್ಟವಾಗಿ ಕೇಳಿಸುವ ಹಾಗೆ ಮಾಡಿದರು. 1986ರ ಮಾರ್ಚಿನಲ್ಲಿ ಬಂದ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿನ ಅದೇ ಹೆಸರಿನ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ನಿಮಿಷಕ್ಕೆ ಸುಮಾರು 212 ಬೀಟ್ ವೇಗ. ಆ ವೇಗದಲ್ಲಿ ಹೆಟ್‌ಫೀಲ್ಡ್ ಬಹುತೇಕ ಎಲ್ಲ ಹೊಡೆತವನ್ನೂ ಮೇಲಿಂದ ಕೆಳಕ್ಕೇ ಹೊಡೆಯುತ್ತಾರೆ. ಎಡ ಕಿವಿಯಲ್ಲೂ ಅವರೇ, ಬಲ ಕಿವಿಯಲ್ಲೂ ಅವರೇ. ಒಂದೇ ಭಾಗವನ್ನು ಎರಡು ಸಲ ಪೂರ್ತಿ ನುಡಿಸಿ ಎರಡು ಕಡೆ ಇಟ್ಟಿದ್ದಾರೆ. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದಿಂದಲೇ ಗಿಟಾರ್ ಗೋಡೆಯ ಹಾಗೆ ಅಗಲವಾಗಿ ಕೇಳುತ್ತದೆ. ವ್ಯತ್ಯಾಸ ಸ್ವಲ್ಪ ಜಾಸ್ತಿಯಾದರೂ ಗೋಡೆ ಕಲಸಿದ ಮಣ್ಣಾಗುತ್ತದೆ. ಇಷ್ಟು ವೇಗದಲ್ಲಿ ಇಷ್ಟು ಕರಾರುವಾಕ್ಕಾಗಿ ನುಡಿಸುವವರೆಗೆ ಬಿಡದೆ ಕೂತವರ ತಾಳ್ಮೆಯೂ ಆ ರೆಕಾರ್ಡಿನಲ್ಲಿ ಇದೆ.

ಆದರೆ ಆ ಕಾಲದ ದೊಡ್ಡ ಕಿವಿ ಬ್ಯಾಂಡಿನ ಒಳಗೇ ಇತ್ತು. ತಗ್ಗಿನ ಸ್ವರಗಳ ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್. ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತವರು. ಜರ್ಮನಿಯ ಹಳೆಯ ಸಂಗೀತಗಾರ ಬಾಕ್ ಅವರನ್ನು ಪ್ರೀತಿಯಿಂದ ಕೇಳುತ್ತಿದ್ದರು. ಎರಡು ಗಿಟಾರ್ ಬೇರೆ ಬೇರೆ ಸ್ವರದಲ್ಲಿ ಜೊತೆಯಾಗಿ ಸಾಗುವುದು ಹೇಗೆ ಅಂತ ಉಳಿದವರಿಗೆ ತೋರಿಸಿಕೊಟ್ಟವರು ಅವರೇ. 'ಒರಾಯನ್' ಅನ್ನುವ ಮಾತಿಲ್ಲದ ಹಾಡು ಕೇಳಿ, ನಡುವೆ ಎಲ್ಲ ನಿಂತು ಬೇಸ್ ಒಂದೇ ನಡೆಯುತ್ತದೆ. ಆ ಭಾಗ ಬಂದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊರಗಿನ ಪ್ರೊಡ್ಯೂಸರ್ ಮಾತ್ರ ಸೌಂಡ್ ಬದಲಿಸುತ್ತಾರೆ ಅಂದುಕೊಳ್ಳಬೇಡಿ. ಬ್ಯಾಂಡಿನಲ್ಲಿ ಒಬ್ಬರಿಗೆ ಉಳಿದವರಿಗಿಂತ ಜಾಸ್ತಿ ಕೇಳಿಸುತ್ತಿದ್ದರೆ, ಉಳಿದವರು ಅವರ ಮಾತಿಗೆ ಬೆಲೆ ಕೊಡುತ್ತಿದ್ದರೆ, ಅರ್ಧ ಪ್ರೊಡ್ಯೂಸರ್ ಅಲ್ಲೇ ಸಿಕ್ಕಂತೆ.

1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬ್ಯಾಂಡಿನ ಬಸ್ ಮಗುಚಿ ಬರ್ಟನ್ ತೀರಿಕೊಂಡರು. 24 ವರ್ಷ.

ಮುಂದಿನ ಆಲ್ಬಂ 1988ರ '...ಆಂಡ್ ಜಸ್ಟಿಸ್ ಫಾರ್ ಆಲ್'. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರೆಕಾರ್ಡ್ ಆದದ್ದು ಲಾಸ್ ಏಂಜಲೀಸಿನಲ್ಲಿ. ಮೊದಲು ಮೈಕ್ ಕ್ಲಿಂಕ್ ಎಂಬ ಪ್ರೊಡ್ಯೂಸರ್ ಜೊತೆ ಶುರು ಮಾಡಿದರು. ಅದು ಹೊಂದಲಿಲ್ಲ. ರಾಸ್‌ಮುಸೆನ್ ಅವರನ್ನೇ ಕರೆಸಿಕೊಂಡರು. ಹಾಡುಗಳು ಉದ್ದವಾದವು, ತಿರುವುಗಳು ಜಾಸ್ತಿಯಾದವು. ಶೀರ್ಷಿಕೆ ಹಾಡೇ ಹತ್ತು ನಿಮಿಷಕ್ಕೆ ಹತ್ತಿರ. ಗಿಟಾರ್ ಕತ್ತಿಯಂತೆ ಚೂಪು, ಡ್ರಮ್ ಟಕ್ ಟಕ್ ಎಂದು ಒಣಗಿದ ಸದ್ದು. ಬೇಸ್ ಗಿಟಾರ್ ಮಾತ್ರ ಕೇಳುವುದೇ ಇಲ್ಲ. ನಿಮ್ಮ ಸ್ಪೀಕರ್ ಕೆಟ್ಟಿಲ್ಲ. ಅದು ನಿಜವಾಗಿಯೂ ಕೇಳುವುದಿಲ್ಲ.

ಹೊಸ ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್ ತಮ್ಮ ಪಾಲನ್ನು ಪ್ರೊಡ್ಯೂಸರ್ ಇಲ್ಲದೆ, ಟೋಬಿ ರೈಟ್ ಎಂಬ ಸಹಾಯಕ ಎಂಜಿನಿಯರ್ ಜೊತೆ ರೆಕಾರ್ಡ್ ಮಾಡಿದರು. ಅವರು ನುಡಿಸಿದ್ದು ಹೆಚ್ಚಾಗಿ ಹೆಟ್‌ಫೀಲ್ಡ್ ಗಿಟಾರಿನ ನೆರಳನ್ನೇ, ಸ್ವರಕ್ಕೆ ಸ್ವರ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ, ಅಂದರೆ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಬೇಸ್ ಅದರ ಅರ್ಧ, 41 ಹರ್ಟ್ಸ್. ಬೇಸ್ ನಮಗೆ ಬೇರೆಯಾಗಿ ಕೇಳಬೇಕಾದರೆ ಅದರ ಮೇಲಿನ ನಾದಕ್ಕೆ ಎಲ್ಲಾದರೂ ಜಾಗ ಬೇಕು. ಈ ಆಲ್ಬಮ್ಮಿನಲ್ಲಿ ಆ ಜಾಗವನ್ನು ಗಿಟಾರಿನ ತಳದ ಗುಡುಗೇ ತುಂಬಿಕೊಂಡಿತ್ತು. ಅದೇ ಸ್ವರ, ಅದೇ ಲಯ, ಅದೇ ಜಾಗ. ಒಂದರ ಹಿಂದೆ ಇನ್ನೊಂದು ಅಡಗಿಹೋಯಿತು.

ಮಿಕ್ಸ್ ಮಾಡಿದವರು ಸ್ಟೀವ್ ಥಾಂಪ್ಸನ್ ಮತ್ತು ಮೈಕಲ್ ಬಾರ್ಬಿಯೆರೊ. ಬೇಸನ್ನು ಇಳಿಸಿ, ಇನ್ನೂ ಇಳಿಸಿ ಅಂತ ಕೇಳಿದ್ದು ಲಾರ್ಸ್ ಎಂದು ಥಾಂಪ್ಸನ್ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ರಾಸ್‌ಮುಸೆನ್ ಆಗ ಆ ಕೋಣೆಯಲ್ಲಿ ಇರಲಿಲ್ಲ. ನ್ಯೂಸ್ಟೆಡ್ ನುಡಿಸಿದ್ದು ಚೆನ್ನಾಗಿತ್ತು ಅಂತ ಅವರು ಮತ್ತೆ ಮತ್ತೆ ಹೇಳಿದ್ದಾರೆ. ಬ್ಯಾಂಡ್ ಆ ಬೇಸಿಗೆಯಲ್ಲಿ ದೊಡ್ಡ ಮೈದಾನಗಳಲ್ಲಿ ನುಡಿಸುತ್ತಾ, ನಡುನಡುವೆ ಮಿಕ್ಸ್ ಕೇಳಲು ಬಂದು ಹೋಗುತ್ತಿತ್ತು.

ಈ ಕೊನೆಯ ವಿಷಯ ನನ್ನನ್ನು ಕಾಡುತ್ತದೆ. ನಾನೂ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಮಿಕ್ಸಿಂಗ್ ಮಾಡಿದವನು. ಒಮ್ಮೆ ರಾತ್ರಿ ದೊಡ್ಡ ಕಾರ್ಯಕ್ರಮ ಮುಗಿಸಿ, ಕಿವಿ ಗುಂಯ್ ಅನ್ನುತ್ತಿರುವಾಗಲೇ ಒಂದು ಹುಡುಗರ ಬ್ಯಾಂಡಿನ ಹಾಡು ಮುಗಿಸಿಕೊಟ್ಟೆ. ಬೆಳಿಗ್ಗೆ ಕೇಳಿದರೆ ಹಾಡು ತಗಡಿನ ಹಾಗೆ ಕಿರುಚುತ್ತಿತ್ತು. ಜೋರು ಸದ್ದಿನಲ್ಲಿ ಗಂಟೆಗಟ್ಟಲೆ ಇದ್ದ ಮೇಲೆ ಕಿವಿಗೆ ಮೇಲಿನ ನಾದ ಸ್ವಲ್ಪ ಹೊತ್ತು ಮಂಕಾಗುತ್ತದೆ. ನಮಗೆ ಗೊತ್ತಿಲ್ಲದೆ ಆ ಚೂಪನ್ನೇ ಏರಿಸುತ್ತಾ ಹೋಗುತ್ತೇವೆ. ಆ ಹುಡುಗರ ಹಾಡನ್ನು ಮತ್ತೆ ಮೊದಲಿಂದ ಮಿಕ್ಸ್ ಮಾಡಿದೆ. ಅವತ್ತು ಪಕ್ಕದಲ್ಲಿ ದಣಿಯದ ಕಿವಿ ಇರುವವರು ಒಬ್ಬರು ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಇಬ್ಬರು ಸದಸ್ಯರು ಹಿಡಿತ ಹಿಡಿದು, ಮೂರನೆಯವರು ಹೊಸಬರಾಗಿ ಮಾತಾಡಲು ಹಿಂಜರಿದು, ಪ್ರೊಡ್ಯೂಸರ್ ದೂರ ಇದ್ದಾಗ ಏನಾಗುತ್ತದೆ ಅನ್ನುವುದಕ್ಕೆ 'ಜಸ್ಟಿಸ್' ಸಾಕ್ಷಿ. ಆದರೂ ಆ ಹಾಡುಗಳು ದೊಡ್ಡವು. ಆ ಒಣ ಸದ್ದಿನಲ್ಲಿ ಗೆಳೆಯನನ್ನು ಕಳೆದುಕೊಂಡವರ ದುಃಖವೂ ನನಗೆ ಕೇಳುತ್ತದೆ.

ಈಗ ಬಾಬ್ ರಾಕ್. ಕೆನಡಾದ ಪ್ರೊಡ್ಯೂಸರ್. ಮಾಟ್ಲಿ ಕ್ರೂ ಬ್ಯಾಂಡಿಗೆ 1989ರಲ್ಲಿ ಅವರು ಮಾಡಿಕೊಟ್ಟ ಆಲ್ಬಂ ಕೇಳಿ, ಅದರ ತಳದ ತೂಕಕ್ಕೆ ಮೆಟಾಲಿಕಾದವರು ಮಾರುಹೋದರು. ಸುಮ್ನೆ ಮಿಕ್ಸ್ ಮಾಡಿಕೊಡಿ ಅಂತ ಕೇಳಿದರು. ಮಿಕ್ಸ್ ಮಾತ್ರ ಆಗಲ್ಲ, ಪ್ರೊಡ್ಯೂಸ್ ಮಾಡುತ್ತೇನೆ ಅಂದರು ರಾಕ್. ವೇದಿಕೆಯಲ್ಲಿ ನಿಮಗಿರುವ ಶಕ್ತಿ ನಿಮ್ಮ ರೆಕಾರ್ಡುಗಳಲ್ಲಿ ಬಂದಿಲ್ಲ ಅಂತಲೂ ಮುಖಕ್ಕೇ ಹೇಳಿದರು. ಲಕ್ಷಗಟ್ಟಲೆ ರೆಕಾರ್ಡ್ ಮಾರಿದ ಬ್ಯಾಂಡಿಗೆ ಹೀಗೆ ಹೇಳಲು ಧೈರ್ಯ ಬೇಕು.

ಒಂದು ತಪ್ಪು ಕಲ್ಪನೆ ಬಿಡಿಸಿಬಿಡುತ್ತೇನೆ. ಬಾಬ್ ರಾಕ್ ಬಂದು ಹಾಡುಗಳನ್ನು ಚಿಕ್ಕದು ಮಾಡಿ ಬ್ಯಾಂಡನ್ನು ಕೆಡಿಸಿದರು ಅಂತ ಹಳೆಯ ಅಭಿಮಾನಿಗಳು ಈಗಲೂ ಬೈಯುತ್ತಾರೆ. ಅದು ನ್ಯಾಯವಲ್ಲ. 'ಜಸ್ಟಿಸ್' ಹಾಡುಗಳನ್ನು ಊರೂರು ನುಡಿಸುವಾಗಲೇ, ಹತ್ತು ನಿಮಿಷದ ಹಾಡಿಗೆ ಮುಂದಿನ ಸಾಲಿನ ಜನ ಬೇಸರಪಡುವುದನ್ನು ಬ್ಯಾಂಡೇ ಕಂಡಿತ್ತು. ಚಿಕ್ಕ, ಸರಳ ಹಾಡು ಬೇಕು ಅನ್ನುವ ಆಸೆ ಅವರದೇ. ಆ ಆಸೆಯನ್ನು ರಾಕ್ ಗಂಭೀರವಾಗಿ ತಗೊಂಡರು ಅಷ್ಟೆ. ಒಳ್ಳೆಯ ಪ್ರೊಡ್ಯೂಸರ್ ಬಹುತೇಕ ಸಲ ಮಾಡುವುದು ಇದನ್ನೇ. ಬ್ಯಾಂಡ್ ಬಾಯಿ ಬಿಟ್ಟು ಹೇಳಲು ಹೆದರುವ ಆಸೆಯನ್ನು ಅವರು ಕೇಳಿಸಿಕೊಳ್ಳುತ್ತಾರೆ.

1990ರ ಅಕ್ಟೋಬರಿನಿಂದ 1991ರ ಜೂನ್‌ವರೆಗೆ ಜನ ಬ್ಲ್ಯಾಕ್ ಆಲ್ಬಂ ಎಂದು ಕರೆಯುವ ಆಲ್ಬಮ್ಮಿನ ಕೆಲಸ ನಡೆಯಿತು. ಖರ್ಚು ಸುಮಾರು 10 ಲಕ್ಷ ಡಾಲರ್. ಮೂರು ಸಲ ಮಿಕ್ಸ್. ಹಿಂದಿನ ಆಲ್ಬಮ್ಮಿನಲ್ಲಿ ಒಬ್ಬೊಬ್ಬರೇ ಬಂದು ತಮ್ಮ ಪಾಲು ನುಡಿಸಿ ಹೋಗುತ್ತಿದ್ದರು. ರಾಕ್ ನಾಲ್ವರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡುತ್ತಾ ನುಡಿಸಲು ಹೇಳಿದರು. ಕೊನೆಗೆ ಅದರಲ್ಲಿ ಉಳಿದದ್ದು ಹೆಚ್ಚಾಗಿ ಡ್ರಮ್ಮೇ ಇರಬಹುದು. ಆದರೆ ಎದುರಿಗೆ ಮನುಷ್ಯರಿದ್ದಾಗ ಡ್ರಮ್ಮರ್ ಹೊಡೆಯುವ ರೀತಿಯೇ ಬೇರೆ. ಕೋರಸ್ ಬರುವ ಮುಂಚೆ ಕೈ ತಾನಾಗಿ ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ. ಗಿಟಾರಿಸ್ಟ್ ತಲೆಯಾಡಿಸಿದರೆ ಹೊಡೆತಕ್ಕೆ ತೂಕ ಬರುತ್ತದೆ. ಲಯ ತಪ್ಪದಿರಲು ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಟ್ರ್ಯಾಕ್ ಜೊತೆ ಇದು ಬರುವುದಿಲ್ಲ.

ಆಮೇಲೆ ಶ್ರುತಿ. ಯಾಕೆ ಎಲ್ಲ ಹಾಡೂ 'ಇ' ಸ್ವರದಲ್ಲೇ ಇದೆ ಅಂತ ರಾಕ್ ಕೇಳಿದರು. ಅದು ಗಿಟಾರಿನ ಅತಿ ಕೆಳಗಿನ ಸ್ವರ ಅಲ್ವಾ ಅನ್ನುವುದು ಬ್ಯಾಂಡಿನ ಉತ್ತರ. ಬೇರೆಯವರು 'ಡಿ'ಗೆ ಇಳಿಸುತ್ತಾರೆ, ನೀವೂ ಇಳಿಸಬಹುದು ಅಂದರು. 'ಸ್ಯಾಡ್ ಬಟ್ ಟ್ರೂ' ಹಾಡಿಗೆ ತಂತಿ ಸಡಿಲಿಸಿದರು. 82 ಹರ್ಟ್ಸ್ ಇದ್ದದ್ದು 73ಕ್ಕೆ ಬಂತು. ಆ ಹಾಡು ಆನೆಯ ನಡಿಗೆಯ ಹಾಗೆ ಕೇಳುವುದು ಇದರಿಂದ. ವೇಗವೂ ಇಳಿಯಿತು. 'ಎಂಟರ್ ಸ್ಯಾಂಡ್‌ಮನ್' ನಿಮಿಷಕ್ಕೆ ಸುಮಾರು 123 ಬೀಟ್. ವೇಗ ಇಳಿದರೆ ಎರಡು ಹೊಡೆತದ ನಡುವೆ ಜಾಗ ಸಿಗುತ್ತದೆ. ಪ್ರತಿ ಡ್ರಮ್ಮಿನ ಸದ್ದು ಪೂರ್ತಿ ಅರಳಿ ಮುಗಿಯಲು ಸಮಯ ಇರುತ್ತದೆ. ಜನ ಅದನ್ನೇ ದೊಡ್ಡ ಸೌಂಡ್ ಅನ್ನುತ್ತಾರೆ. ಅದಕ್ಕೆ ಬೇಕಾದದ್ದು ಜೋರಿಗಿಂತ ಜಾಸ್ತಿ ಬಿಡುವು.

ನ್ಯೂಸ್ಟೆಡ್‌ಗೆ ರಾಕ್ ಕೊಟ್ಟ ಸಲಹೆ ಒಂದೇ ಸಾಲಿನದು. ಗಿಟಾರನ್ನು ಹಿಂಬಾಲಿಸಬೇಡ, ಡ್ರಮ್ ಜೊತೆ ಸೇರು. ಅಷ್ಟರಿಂದ ಮೂರು ವರ್ಷ ಕಾಣೆಯಾಗಿದ್ದ ವಾದ್ಯ ಮರಳಿ ಬಂತು. ಅದೇ ಆಲ್ಬಮ್ಮಿನ 'ಮೈ ಫ್ರೆಂಡ್ ಆಫ್ ಮಿಸರಿ' ಶುರುವಾಗುವುದೇ ನ್ಯೂಸ್ಟೆಡ್ ಅವರ ಬೇಸ್‌ನಿಂದ. 1988ರ ಯಾವುದೇ ಹಾಡು ಕೇಳಿದ ತಕ್ಷಣ ಇದನ್ನು ಹಾಕಿ. ಅದೇ ಮನುಷ್ಯ, ಅದೇ ಬೆರಳು. ಈ ಸಲ ಕೋಣೆಯಲ್ಲಿ ಅವರನ್ನು ಕೇಳುವವರು ಇದ್ದರು.

ಹೆಟ್‌ಫೀಲ್ಡ್ ಕಥೆ ಇನ್ನೂ ಸೂಕ್ಷ್ಮ. ಅಲ್ಲಿಯವರೆಗೆ ಅವರು ಹೆಚ್ಚಾಗಿ ಗರ್ಜಿಸುತ್ತಿದ್ದರು. ಎರಡೆರಡು ಸಲ ಹಾಡಿ, ಒಂದರ ಮೇಲೊಂದು ಇಟ್ಟು, ತಮ್ಮ ದನಿಯನ್ನು ತಾವೇ ಮುಚ್ಚಿಕೊಳ್ಳುತ್ತಿದ್ದರು. 'ನಥಿಂಗ್ ಎಲ್ಸ್ ಮ್ಯಾಟರ್ಸ್' ಅವರು ತಮಗಾಗಿ ಬರೆದುಕೊಂಡ ಹಾಡು. ಫೋನಿನಲ್ಲಿ ಮಾತಾಡುತ್ತಾ, ಒಂದು ಕೈಯಲ್ಲಿ ಬಿಡಿ ತಂತಿಗಳನ್ನು ಮೀಟುತ್ತಾ ಅದರ ಶುರು ಸಿಕ್ಕಿತು. ಬ್ಯಾಂಡಿಗೆ ಕೇಳಿಸಲೂ ಅವರಿಗೆ ಸಂಕೋಚ ಇತ್ತು. ಅಂಥ ಹಾಡನ್ನು ಮೈಕ್ ಮುಂದೆ ನಿಂತು, ಮರೆ ಇಲ್ಲದೆ ಹಾಡುವ ಹಾಗೆ ಮಾಡುವುದಕ್ಕೆ ಯಾವ ಯಂತ್ರವೂ ಇಲ್ಲ. ಎದುರಿಗೆ ಕೂತವರ ಮೇಲೆ ನಂಬಿಕೆ ಬೇಕು. ಅದೇ ರಾಕ್ 'ಎಂಟರ್ ಸ್ಯಾಂಡ್‌ಮನ್' ಸಾಹಿತ್ಯವನ್ನು ಮುಲಾಜಿಲ್ಲದೆ ವಾಪಸ್ ಕಳಿಸಿದರು. ನೀನು ಇದಕ್ಕಿಂತ ಚೆನ್ನಾಗಿ ಬರೆಯಬಲ್ಲೆ ಅಂದರು. ಹೆಟ್‌ಫೀಲ್ಡ್ ಸಿಟ್ಟಾದರು, ಮತ್ತೆ ಬರೆದರು. ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ 'ದಿ ಅನ್‌ಫರ್ಗಿವನ್' ಹಾಡಿಗೆ ಸಿದ್ಧ ಮಾಡಿಕೊಂಡು ಬಂದ ಸೋಲೋ ಅಲ್ಲಿ ಕೂರಲಿಲ್ಲ. ರಾಕ್ ಕೆಣಕಿದರು. ಆ ಕೋಪದಲ್ಲಿ, ಯೋಚನೆ ಬಿಟ್ಟು ನುಡಿಸಿದ್ದೇ ಈಗ ನಾವು ಕೇಳುವ ಸೋಲೋ.

ಆಲ್ಬಂ ಮುಗಿದಾಗ ಇನ್ನು ಈ ಮನುಷ್ಯನ ಸಹವಾಸ ಬೇಡ ಅನ್ನುವಷ್ಟು ಎಲ್ಲರೂ ಸುಸ್ತಾಗಿದ್ದರು. ಆ ಬ್ಲ್ಯಾಕ್ ಆಲ್ಬಂ ಅಮೆರಿಕ ಒಂದರಲ್ಲೇ 1.6 ಕೋಟಿಗಿಂತ ಜಾಸ್ತಿ ಪ್ರತಿ ಮಾರಾಟವಾಗಿದೆ. ಆಮೇಲೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಬಾಬ್ ರಾಕ್ ಜೊತೆಗೇ ಕೆಲಸ ಮಾಡಿದರು.

'ನಥಿಂಗ್ ಎಲ್ಸ್ ಮ್ಯಾಟರ್ಸ್' ಇನ್ನೊಬ್ಬ ಜೊತೆಗಾರರನ್ನೂ ತಂದುಕೊಟ್ಟಿತು. ಆ ಹಾಡಿನ ಆರ್ಕೆಸ್ಟ್ರಾ ಬರೆದವರು ಮೈಕಲ್ ಕೇಮನ್. ಆಲ್ಬಮ್ಮಿನಲ್ಲಿ ಅದು ಹಿಂದೆ ಎಲ್ಲೋ ಮೆಲ್ಲಗೆ ಕೇಳುತ್ತದೆ. ಮುಂದೆ 1999ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆ ಬ್ಯಾಂಡ್ ಎರಡು ರಾತ್ರಿ ನುಡಿಸಿತು. ಕಂಡಕ್ಟರ್ ಕೇಮನ್ ಅವರೇ. ಅಲ್ಲಿ 'ದಿ ಕಾಲ್ ಆಫ್ ಕ್ತುಲು' ಕೇಳಿ. 1984ರ ಹಾಡು, ಬರ್ಟನ್ ಕಾಲದ್ದು. ಬರ್ಟನ್ ತಲೆಯಲ್ಲಿ ಇದ್ದಿರಬಹುದಾದ ಆರ್ಕೆಸ್ಟ್ರಾ ಹದಿನೈದು ವರ್ಷದ ಮೇಲೆ ಹೊರಗೆ ಬಂದ ಹಾಗಿದೆ.

ನಡುವಿನ 'ಲೋಡ್' (1996), 'ರೀಲೋಡ್' (1997) ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ಅಲ್ಲಿಯವರೆಗೆ ಹಾಡಿಗೆ ಬುನಾದಿಯಾದ ರಿದಂ ಗಿಟಾರನ್ನು ಎರಡೂ ಕಡೆ ಹೆಟ್‌ಫೀಲ್ಡ್ ಒಬ್ಬರೇ ನುಡಿಸುತ್ತಿದ್ದರು ಅಂದೆನಲ್ಲ. ಇಲ್ಲಿ ಒಂದು ಕಡೆ ಹ್ಯಾಮೆಟ್ ಬಂದರು. ಗೋಡೆ ಒಡೆದು ಎರಡು ಮನುಷ್ಯರ ಕೈ ಬೇರೆ ಬೇರೆಯಾಗಿ ಕೇಳಿತು. ಸಡಿಲ, ಬ್ಲೂಸ್ ಥರದ ತೂಗಾಟ ಬಂತು. ಬ್ಯಾಂಡಿನವರು ಕೂದಲು ಕತ್ತರಿಸಿದ್ದರ ಬಗ್ಗೆ ಅಭಿಮಾನಿಗಳು ಗಲಾಟೆ ಮಾಡಿದರು. ಸೌಂಡ್ ಬದಲಾಗಲು ನಿಜವಾದ ಕಾರಣಗಳಲ್ಲಿ ದೊಡ್ಡದು ಈ ಕೈ ಬದಲಾವಣೆ.

2001ರಲ್ಲಿ ನ್ಯೂಸ್ಟೆಡ್ ಬ್ಯಾಂಡ್ ಬಿಟ್ಟರು. ಅದೇ ವರ್ಷ ಹೆಟ್‌ಫೀಲ್ಡ್ ಕುಡಿತದ ಚಿಕಿತ್ಸೆಗೆ ಹೋದರು. ಮುರಿದುಬೀಳುವ ಮನೆಯಲ್ಲಿ ಉಳಿದವರು ಕೂತಿದ್ದರು. ಬಾಬ್ ರಾಕ್ ಆಗ ಬೇಸ್ ಎತ್ತಿಕೊಂಡು ತಾವೇ ನುಡಿಸಿದರು. 2003ರ 'ಸೇಂಟ್ ಆಂಗರ್' ಹೀಗೆ ಹುಟ್ಟಿತು. ಗಿಟಾರ್ ಸೋಲೋ ಒಂದೂ ಇಲ್ಲ. ಸ್ನೇರ್ ಡ್ರಮ್ಮಿನ ಅಡಿಯಲ್ಲಿ ಚರ್ ಅನ್ನಿಸುವ ತಂತಿಗಳಿರುತ್ತವೆ. ಅವನ್ನು ಸಡಿಲಿಸಿಯೇ ಬಿಟ್ಟರು. ಹಾಗಾಗಿ ಇಡೀ ಆಲ್ಬಮ್ಮಿನಲ್ಲಿ ಪಾತ್ರೆ ಬಡಿದ ಹಾಗೆ ಟಣ್ ಟಣ್ ಸದ್ದು. ನನ್ನ ಮಟ್ಟಿಗೆ ಇಲ್ಲಿ ಆದದ್ದು ಇಷ್ಟು: ಹೊರಗೆ ನಿಂತು ಕೇಳಬೇಕಾದವರು ಒಳಗೆ ಬಂದುಬಿಟ್ಟರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆ ಹೊತ್ತಿಗೆ ಬ್ಯಾಂಡಿಗೆ ಒಳ್ಳೆಯ ಸೌಂಡಿಗಿಂತ ಜೊತೆಗೆ ನಿಲ್ಲುವ ಒಬ್ಬ ಮನುಷ್ಯ ಬೇಕಾಗಿತ್ತು. ರಾಕ್ ನಿಂತರು. ಆದರೆ ಹೊರಗಿನಿಂದ ಕೇಳುವವರ ಐದನೆಯ ಕುರ್ಚಿ ಖಾಲಿಯಾಯಿತು. ಈ ಸ್ನೇರ್ ಬೇಡ ಅನ್ನಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಹಾಗಾಗಿ ಅವರು ಆಮೇಲೆ ಪೂರ್ತಿ ಉಲ್ಟಾ ಸ್ವಭಾವದ ಪ್ರೊಡ್ಯೂಸರ್ ರಿಕ್ ರೂಬಿನ್ ಹತ್ತಿರ ಹೋದದ್ದು ನನಗೆ ಸಹಜ ಅನ್ನಿಸುತ್ತದೆ. ರೂಬಿನ್ ದಿನವೂ ಸ್ಟುಡಿಯೋಗೆ ಬರುವವರಲ್ಲ. ಗುಂಡಿ ತಿರುಗಿಸುವವರೂ ಅಲ್ಲ. ಬಂದಾಗ ದೊಡ್ಡ ಪ್ರಶ್ನೆ ಕೇಳಿ ಹೋಗುತ್ತಾರೆ. ನಿಮ್ಮನ್ನು ಯಾರೂ ಅರಿಯದ ಕಾಲ ಎಂದುಕೊಳ್ಳಿ, 'ಮಾಸ್ಟರ್ ಆಫ್ ಪಪೆಟ್ಸ್' ದಿನಗಳಲ್ಲಿ ನಿಮಗೆ ಏನು ಹಿಡಿಸುತ್ತಿತ್ತು, ಈಗ ಹಾಗೆ ಬರೆಯಿರಿ ಅನ್ನುವುದು ಅವರ ಮಾತಿನ ಸಾರ. ಹಾಡು ಬಾಯಿಪಾಠವಾಗದೆ ಸ್ಟುಡಿಯೋಗೆ ಬರಬೇಡಿ ಅಂತಲೂ ಹೇಳಿದರು. 2008ರ 'ಡೆತ್ ಮ್ಯಾಗ್ನೆಟಿಕ್'ನಲ್ಲಿ ಸೋಲೋ ಮರಳಿತು, ಉದ್ದ ಹಾಡು ಮರಳಿತು, ಶ್ರುತಿ ಮತ್ತೆ 'ಇ'ಗೆ ಏರಿತು. ಹೊಸ ಬೇಸಿಸ್ಟ್ ರಾಬರ್ಟ್ ಟ್ರುಹಿಯೊ ನುಡಿಸಿದ್ದು ಸ್ಪಷ್ಟವಾಗಿ ಕೇಳಿಸಿತು.

ಆದರೆ ದೂರ ಕೂರುವುದಕ್ಕೂ ಬೆಲೆ ಇದೆ. ಆ ಆಲ್ಬಂ ಎಷ್ಟು ಜೋರು ಅಂದರೆ ಡ್ರಮ್ ಬಿದ್ದ ಕಡೆಯೆಲ್ಲ ಸದ್ದು ಚರ್ ಎಂದು ಸೀಳುತ್ತದೆ. ಮೆಲ್ಲನೆಯದನ್ನೂ ಎತ್ತಿ ಮೇಲಿನ ಗೆರೆಗೆ ಒತ್ತಿದರೆ, ಗೆರೆ ದಾಟಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. ನಮ್ಮ ಕಿವಿಗೆ ಅದೇ ಕರಕರ. ಮಾಸ್ಟರಿಂಗ್, ಅಂದರೆ ಮಿಕ್ಸ್ ಆದ ಮೇಲಿನ ಕೊನೆಯ ಹದ ಮಾಡಿದ ಟೆಡ್ ಜೆನ್ಸನ್, ಮಿಕ್ಸ್ ತನ್ನ ಕೈಗೆ ಬರುವಾಗಲೇ ಹಾಗಿತ್ತು ಅಂದರು. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮಿನಲ್ಲಿ ಒತ್ತಡವಿಲ್ಲದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಗೇಮಿನದೇ ಚೆನ್ನಾಗಿತ್ತು.

ನೀವು ಅರಮನೆ ಮೈದಾನದಿಂದ ಮನೆಗೆ ಹೋದ ಮರುದಿನ, 2011ರ ಅಕ್ಟೋಬರ್ 31ರಂದು, ಯೂರೋಪಿನಲ್ಲಿ 'ಲುಲು' ಬಿಡುಗಡೆಯಾಯಿತು. ಅಮೆರಿಕದ ಹಿರಿಯ ಗಾಯಕ, ಕವಿ ಲೂ ರೀಡ್ ಜೊತೆ ಮೆಟಾಲಿಕಾ ಮಾಡಿದ ಆಲ್ಬಂ. ತುಂಬಾ ಜನ ಅದನ್ನು ಬೈದರು. ನಾನು ಬೈಯುವುದಿಲ್ಲ. ಒಂದು ಹಾಡಿಗೆ ತಿಂಗಳುಗಟ್ಟಲೆ ಕೂರುತ್ತಿದ್ದ ನಾಲ್ವರು, ಮೊದಲ ಟೇಕಿನ ಜೀವವನ್ನೇ ನಂಬುವ ಕವಿಯ ಎದುರು ನಿಂತಿದ್ದು ನನಗೆ ದೊಡ್ಡ ವಿಷಯ.

ಈಗಿನ ವ್ಯವಸ್ಥೆ ಬೇರೆ. 'ಡೆತ್ ಮ್ಯಾಗ್ನೆಟಿಕ್' ಎಂಜಿನಿಯರ್ ಆಗಿದ್ದ ಗ್ರೆಗ್ ಫಿಡೆಲ್‌ಮನ್ 2016ರ ಮತ್ತು 2023ರ ಆಲ್ಬಂಗಳನ್ನು ಹೆಟ್‌ಫೀಲ್ಡ್, ಉಲ್ರಿಕ್ ಜೊತೆ ಸೇರಿ ಪ್ರೊಡ್ಯೂಸ್ ಮಾಡಿದರು. ಸೌಂಡ್ ಅಚ್ಚುಕಟ್ಟು. ಆದರೆ 2023ರ '72 ಸೀಸನ್ಸ್' 77 ನಿಮಿಷ ಇದೆ. ಬಾಬ್ ರಾಕ್ ಇದ್ದಿದ್ದರೆ ಎರಡು ಹಾಡು ಹೊರಗೆ ಇರುತ್ತಿದ್ದವು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಇನ್ನು ನಿಮ್ಮ ಧಾರವಾಡದ ಬ್ಯಾಂಡ್. ಈಗಲೇ ದುಡ್ಡು ಕೊಟ್ಟು ಪ್ರೊಡ್ಯೂಸರ್ ಇಡುವ ಅಗತ್ಯ ಇಲ್ಲ. ಲ್ಯಾಪ್‌ಟಾಪಿನಲ್ಲಿ ನಿಮಗೆ ಸಿಕ್ಕಿರುವ ಟ್ರ್ಯಾಕ್‌ಗಳ ಲೆಕ್ಕ 1985ರ ಕೋಪನ್‌ಹೇಗನ್ನಿನಲ್ಲಿ ಅವರಿಗೂ ಇರಲಿಲ್ಲ. ನಿಮಗೆ ಇಲ್ಲದಿರುವುದು ಬಹುಶಃ ಐದನೆಯ ಕುರ್ಚಿ. ಹಾಗಾಗಿ ಒಬ್ಬರನ್ನು ಹುಡುಕಿ. ಬ್ಯಾಂಡಿನಲ್ಲಿ ಇರಬಾರದು, ಬ್ಯಾಂಡಿನ ಯಾರೊಬ್ಬರ ಆಪ್ತ ಗೆಳೆಯರೂ ಆಗಿರಬಾರದು. ನಿಮ್ಮೂರಿನಲ್ಲಿ ಕಿವಿ ಇರುವವರಿಗೆ ಬರವಿಲ್ಲ. ತಬಲಾ ಕಲಿಸುವವರು ಬಂದರೂ ಆಗುತ್ತದೆ, ರಾಕ್ ಸಂಗೀತ ಗೊತ್ತಿರಬೇಕಂತ ಏನೂ ಇಲ್ಲ. ಅವರು ಬಂದ ದಿನ ರೆಕಾರ್ಡ್ ಬಟನ್ ಒತ್ತಬೇಡಿ. ನಾಲ್ವರೂ ಒಂದೇ ಕೋಣೆಯಲ್ಲಿ ನಿಂತು ಹಾಡನ್ನು ಶುರುವಿನಿಂದ ಕೊನೆವರೆಗೆ ಮೂರು ಸಲ ನುಡಿಸಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: ಎಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯಿತು? ನಮ್ಮಲ್ಲಿ ಯಾರು ನಿಮಗೆ ಕೇಳಿಸಲಿಲ್ಲ?

ಅವರು ಯಾರ ಹೆಸರು ಹೇಳುತ್ತಾರೋ, ಮುಂದಿನ ವಾರ ಅವರ ವಾದ್ಯವನ್ನು ಮೊದಲು ರೆಕಾರ್ಡ್ ಮಾಡಿ. ಉಳಿದ ಮೂವರೂ ಅದೇ ಕೋಣೆಯಲ್ಲಿ ಕೂತು ಕೇಳಿ.